ಆರು ಹಿಡಿ ರಾಗಿ

ಮಿರ್ಲೆಯ ಲಿಂಗಣ್ಣನ ಮನೆಯಲ್ಲಿ ಪುಟ್ಟಮಲ್ಲಮ್ಮ ಉಣ್ಣುವುದನ್ನು ಕಂಡವರು ಯಾರೂ ಇರಲಿಲ್ಲ. ಉಣ್ಣುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಣ್ಣದೆ ಇಪ್ಪತ್ತೆರಡು ವರ್ಷ ಯಾರು ಬದುಕುತ್ತಾರೆ? ಪಿರಿಯಾಪಟ್ಟಣದ ಕಡೆಗೆ ಮದುವೆಯಾಗಿ ಹೋಗಿದ್ದವಳು ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣ ಲಿಂಗಣ್ಣನ ಮನೆಗೆ ವಾಪಸು ಬಂದಿದ್ದಳು. ಬಂದ ದಿನ ಅಡುಗೆಮನೆಗೆ ಹೊಕ್ಕವಳು ಅಲ್ಲೇ ಉಳಿದಳು ಎಂದರೆ ಸುಳ್ಳಲ್ಲ.

ಆ ಮನೆಯಲ್ಲಿ ಊಟಕ್ಕೊಂದು ಸರದಿ ಇತ್ತು. ಮೊದಲು ಲಿಂಗಣ್ಣ ಮತ್ತು ಅವನ ಮಗ ಬಸವರಾಜು. ಅವರು ಎದ್ದ ಮೇಲೆ ಲಿಂಗಣ್ಣನ ತಾಯಿ ಚೆಲುವಮ್ಮ, ಹೆಂಡತಿ ಶಿವನಂಜಮ್ಮ, ಹದಿಮೂರು ವರ್ಷದ ಮಗಳು ವಿಮಲ. ಇವರೆಲ್ಲರಿಗೂ ಬಡಿಸಿ, ನೆಲ ಸಾರಿಸಿ, ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡ ಮೇಲೆ ಪುಟ್ಟಮಲ್ಲಮ್ಮನದು. ಚೆಲುವಮ್ಮ ಹೆತ್ತ ತಾಯಿಯೇ ಆದರೂ ಮಗಳು ಏನು ಉಂಡಳು ಎಂದು ಬಾಗಿಲು ತೆಗೆದು ನೋಡಿದವಳಲ್ಲ. ನೋಡಬೇಕೆಂದು ಅನ್ನಿಸಿರಲೂ ಇಲ್ಲ. ಅಡುಗೆ ಮಾಡುವವಳಿಗೆ ಊಟ ಇಲ್ಲದೆ ಹೋಗುತ್ತದೆಯೇ?

ಸಾವಿರದ ಒಂಬೈನೂರ ನಲವತ್ತಮೂರು, ಗೌರಿ ಹಬ್ಬ ಕಳೆದ ಸೋಮವಾರ. ವಿಮಲ ಭಜನೆಮನೆ ಶಾಲೆಯಿಂದ ಓಡುತ್ತ ಬಂದಳು. ಊರ ಭಜನೆಮನೆಯ ಪಡಸಾಲೆಯಲ್ಲಿ ಆ ಶಾಲೆ ನಡೆಸುತ್ತಿದ್ದವರು ನೀಲಕಂಠಸ್ವಾಮಿ ಎಂಬ ಜಂಗಮರು. ಇನ್ನೂ ಮೂವತ್ತು ದಾಟದ ಮನುಷ್ಯ. ಕೃಷ್ಣರಾಜನಗರದ ಕಡೆಯ ಒಂದು ಮಠದಿಂದ ಸೈಕಲ್ಲಿನಲ್ಲಿ ಬಂದು ಇಲ್ಲೇ ನಿಂತಿದ್ದರು. ಊರವರು ಅವರನ್ನು ಐನೋರು ಅನ್ನುತ್ತಿದ್ದರು. ಲಿಂಗಪೂಜೆ ಕಲಿಸಿದ ಬಾಯಲ್ಲೇ ಪತ್ರಿಕೆ ಓದಿ ಹೇಳುತ್ತಿದ್ದರು. ಗೋಡೆಯ ಮೇಲೆ ಮಸಿಯಿಂದ ಭೂಪಟ ಬರೆದು, ಇದು ಮೈಸೂರು, ಇದು ಬಂಗಾಳ, ಇದು ಸಮುದ್ರದಾಚೆಯ ದೇಶ, ಎಲ್ಲ ಕಡೆಯೂ ಹಸಿದವನು ನಿಮ್ಮ ಮನೆಯವನು ಎನ್ನುತ್ತಿದ್ದರು.

"ಅಜ್ಜಿ, ನಾಳೆಯಿಂದ ದಿನಕ್ಕೆ ಆರು ಹಿಡಿ ರಾಗಿ ತೆಗ್ದಿಡ್ಬೇಕು," ಎಂದಳು ವಿಮಲ.

"ಯಾಕವ್ವ, ಗುಬ್ಬಿ ಸಾಕೀಯಾ?" ಎಂದಳು ಚೆಲುವಮ್ಮ. ಕಣಜದ ಬೀಗದ ಕೈ ಅವಳ ಸೊಂಟದಲ್ಲಿತ್ತು, ದಿನದ ರಾಗಿ ಅಳೆದು ಕೊಡುವವಳೂ ಅವಳೇ.

"ಬಂಗಾಳದೋರಿಗೆ. ಅಲ್ಲಿ ಜನ ರಸ್ತೇಲಿ ಬಿದ್ದು ಸಾಯ್ತಾವ್ರಂತೆ. ಮನೇಲಿ ಎಷ್ಟು ಜನ ಇದ್ದರೋ ಅಷ್ಟು ಹಿಡಿ. ಐನೋರು ಯೋಳವ್ರೆ."

"ಬಂಗಾಳದೋರು ಮುದ್ದೆ ಉಣ್ತಾರೇನೇ?"

"ಮಠದಲ್ಲಿ ರಾಗಿಗೆ ಬದ್ಲು ಅಕ್ಕಿ ಕೊಡ್ತಾರೆ. ಅಕ್ಕಿ ರೈಲ್ನಲ್ಲಿ ಓಯ್ತದೆ."

"ಮನೆಗೆ ಮಾರಿ, ಊರಿಗೆ ಉಪಕಾರಿ. ಸರ್ಕಾರ್ದೋರು ಬಂದು ಲೆವಿ ರಾಗಿ ಅಂತ ಅಳೆದ್ಕೊಂಡು ಓದ್ರು. ಒಸ ರಾಗಿ ಬರೋಕೆ ಇನ್ನೂ ಮೂರು ತಿಂಗಳೈತೆ. ನಾನು ಅಳೆಯೋದು ಅಳೆದಂಗೇ. ಒಂದು ಕಾಳು ಎಚ್ಚಿಗೆ ಕೊಡಾಕಿಲ್ಲ."

ಲಿಂಗಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಿದ. "ಕೊಡವ್ವ. ಸೋಮವಾರ ಸೋಮವಾರ ಭಜ್ನೆ ಮನೇಲಿ ಕೊಟ್ಟೋರ ಎಸರು ಓದ್ತಾರಂತೆ. ಆ ಮ್ಯಾಗಲ್ಮನೆಯೋರ ಎಸರು ಓದಿ ನಮ್ಮದು ಓದ್ದಿದ್ರೆ ಸಂದಾಗಿರ್ತದಾ?"

"ನಾನೇನು ಬ್ಯಾಡ ಅಂದ್ನಾ? ಅಳೆದದ್ದರಲ್ಲೇ ತಗೊಳ್ಳಿ ಅಂದೆ."

ಅಳೆದದ್ದರಲ್ಲೇ ತೆಗೆಯುವುದು ಎಂದು ತೀರ್ಮಾನವಾಯಿತು. ಒಳಗಿನಿಂದ ಪುಟ್ಟಮಲ್ಲಮ್ಮ, "ಆಯ್ತದೆ ಬುಡವ್ವ, ಅದೇನು ಮಹಾ," ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಮೊದಲ ದಿನ ಪುಟ್ಟಮಲ್ಲಮ್ಮ ಇದ್ದ ಹಿಟ್ಟಿನಲ್ಲೇ ಆರು ಮುದ್ದೆ ಕಟ್ಟಿದಳು. ಸ್ವಲ್ಪ ಸ್ವಲ್ಪ ಚಿಕ್ಕವು. ಬಸವರಾಜು ತಟ್ಟೆ ನೋಡಿದವನೇ ನಕ್ಕ.

"ಏನತ್ತೆ, ಮುದ್ದೆ ಕಟ್ಟಿದ್ದೀಯೋ ನೆಲ್ಲಿಕಾಯಿ ಕಟ್ಟಿದ್ದೀಯೋ?"

"ಬಂಗಾಳಕ್ಕೆ ಓಯ್ತಲ್ಲಪ್ಪ," ಎಂದಳು ಪುಟ್ಟಮಲ್ಲಮ್ಮ.

"ಬಂಗಾಳ ನನ್ನ ತಟ್ಟೇಲೇ ಐತಾ? ಇವತ್ತು ನಾಲೆ ಬದು ಕಟ್ಟಬೇಕು ಕಣತ್ತೆ. ಗುದ್ಲಿ ಎತ್ತೋಕೆ ಕೈಲಿ ಕಸುವು ಬ್ಯಾಡ್ವಾ?"

ಲಿಂಗಣ್ಣ ಮುದ್ದೆ ಮುಗಿದ ಮೇಲೂ ಸಾರಿನ ಬಟ್ಟಲನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದ. ಚೆಲುವಮ್ಮ ಕೂತಲ್ಲಿಂದಲೇ ಕೂಗಿದಳು: "ಪುಟ್ಟಮಲ್ಲಿ, ಗೇಯೋರ ಮುದ್ದೆ ಸಣ್ಣ ಮಾಡ್ಬ್ಯಾಡ. ನೋಡ್ಕೊಂಡು ಕಟ್ಟು."

ಮಾರನೆಯ ದಿನ ಮುದ್ದೆ ಎಂದಿನಂತೆ ಬಂತು. ದುಂಡಗೆ, ಹೊಳಪಾಗಿ, ಅಂಗೈ ತುಂಬ. ಬಸವರಾಜು ಸುಮ್ಮನೆ ಉಂಡ. ಹೆಂಗಸರ ಮುದ್ದೆಯೂ ಎಂದಿನಷ್ಟೇ ಇತ್ತು. ಹಿಡಿ ತೆಗೆದರೂ ಮುದ್ದೆ ಕಡಿಮೆಯಾಗಲಿಲ್ಲವಲ್ಲ ಎಂದು ಲಿಂಗಣ್ಣನಿಗೆ ಮೈ ಜುಂ ಎಂದಿತು. ಮುಂದಿನ ಸೋಮವಾರ ಭಜನೆಮನೆಯಲ್ಲಿ ಎದ್ದು ನಿಂತು, "ಐನೋರೇ, ಇದು ಶಿವನ ಮಹಿಮೆ. ದಿನಾ ಆರು ಹಿಡಿ ತೆಗೀತೀವಿ, ಮುದ್ದೆ ಒಂದೆಳ್ಳಷ್ಟೂ ಕಮ್ಮಿ ಆಗಿಲ್ಲ!" ಎಂದು ಹೇಳಿಯೂ ಬಿಟ್ಟ. ಜನ ತಲೆದೂಗಿದರು. ಐನೋರೂ ತಲೆದೂಗಿದರು.

ಶಿವನೇ ಕಾಪಾಡಬೇಕು. ಆ ಮನೆಯಲ್ಲಿ ಓದು ಬರಹ ಕಲಿತವರು ಇಬ್ಬರಿದ್ದರು, ಗದ್ದೆಯ ಪೈರು ನೋಡಿ ಇಷ್ಟೇ ಮೂಟೆ ಎನ್ನುವವನು ಒಬ್ಬನಿದ್ದ. ಆರು ಹಿಡಿ ರಾಗಿಯನ್ನು ಬೀಸಿದರೆ ಒಂದು ಮುದ್ದೆಯ ಹಿಟ್ಟಾಗುತ್ತದೆ ಎಂಬುದು ಒಬ್ಬರ ತಲೆಗೂ ಹೋಗಲಿಲ್ಲ. ಎರಡನೆಯ ದಿನದಿಂದ ಪುಟ್ಟಮಲ್ಲಮ್ಮ ಐದು ಮುದ್ದೆ ಕಟ್ಟುತ್ತಿದ್ದಳು. ಹಗಲಿಗೆ ಅವಳಿಗೆ ಉಳಿಯುತ್ತಿದ್ದದ್ದು ತಿಳಿಸಾರು. ಸಂಜೆಗೆ ಎಲ್ಲರೂ ಕುಡಿಯುವ ನುಚ್ಚಿನ ಗಂಜಿಯಲ್ಲಿ ಒಂದು ಸೌಟು. ಬಾಗಿಲು ಓರೆಯಾಗಿತ್ತು. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಬಾಗಿಲನ್ನು ಒಂದು ಗೇಣು ತಳ್ಳಿದ್ದರೆ ಸಾಕಿತ್ತು.

ಹಿಡಿ ತೆಗೆಯುವ ಕೆಲಸ ವಿಮಲಳದು. ಸಂಜೆ ಚೆಲುವಮ್ಮ ಅಳೆದು ಮೊರಕ್ಕೆ ಸುರಿದ ಕೂಡಲೇ ಅವಳು ಮಣ್ಣಿನ ಗಡಿಗೆ ತಂದು ಮುಂದೆ ಕೂರುತ್ತಿದ್ದಳು. ಹಾಗೇ ತೆಗೆದರೆ ಧರ್ಮ ಯಾರದು ಎಂದು ಗೊತ್ತಾಗುವುದಿಲ್ಲ, ಒಬ್ಬೊಬ್ಬರ ಹೆಸರು ಹೇಳಿ ತೆಗೆಯಿರಿ ಎಂದು ಐನೋರು ಕಲಿಸಿದ್ದರು. ಅದಕ್ಕೆ ಅವಳು ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು: "ಅಜ್ಜೀದು. ಅಪ್ಪಂದು. ಅವ್ವಂದು. ಅಣ್ಣಂದು. ಅತ್ತೇದು. ನಂದು."

ಆ ಹೊತ್ತಿಗೆ ಸರಿಯಾಗಿ ಪುಟ್ಟಮಲ್ಲಮ್ಮ ಅಡುಗೆಮನೆಯ ಹೊಸಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಲ್ಲುತ್ತಿದ್ದಳು. ರಾಗಿ ಕೇರಬೇಕಲ್ಲ, ಮೊರಕ್ಕೆ ಕಾಯುತ್ತಿದ್ದಾಳೆ ಎಂದುಕೊಂಡಿದ್ದಳು ವಿಮಲ.

ಒಂದು ಸಂಜೆ ಪುಟ್ಟಮಲ್ಲಮ್ಮ ಕೇಳಿದಳು. "ವಿಮಲಿ, ಬಂಗಾಳ ಅಂದ್ರೆ ಪಿರಿಯಾಪಟ್ನಕ್ಕಿಂತ ದೂರವಾ?"

ವಿಮಲ ಬಿದ್ದು ಬಿದ್ದು ನಕ್ಕಳು. "ಅತ್ತೆ, ರೈಲ್ನಲ್ಲೇ ನಾಕು ದಿನ!"

"ಅಷ್ಟು ದೂರವಾ!" ಎಂದಳು ಪುಟ್ಟಮಲ್ಲಮ್ಮ. ಅವಳು ಕಂಡಿದ್ದ ದೂರ ಎಂದರೆ ಪಿರಿಯಾಪಟ್ಟಣ ಒಂದೇ. ಆಮೇಲೆ ಮೊರ ಎತ್ತಿಕೊಂಡು, "ಅಲ್ಲೂ ಎಂಗಸ್ರು ಕಡೇಲಿ ಉಣ್ತಾರಾ?" ಎಂದಳು.

"ಐನೋರ್ನ ಕೇಳ್ತೀನಿ."

ಕೇಳಿದಳು. ನೀಲಕಂಠಸ್ವಾಮಿ ಪುಸ್ತಕದಿಂದ ಕಣ್ಣೆತ್ತದೆ, "ಉಣ್ಣಲಿಕ್ಕೇ ಇಲ್ಲದ ಕಡೆ ಮೊದಲು ಯಾವುದು, ಕಡೆ ಯಾವುದು?" ಎಂದರು. ಓದಿಕೊಂಡವರ ಉತ್ತರ. ವಿಮಲ ಅದನ್ನು ತಂದು ಅತ್ತೆಗೆ ಒಪ್ಪಿಸಿದಳು. ಪುಟ್ಟಮಲ್ಲಮ್ಮ, "ಅದೂ ದಿಟವೇ," ಎಂದು ಒಲೆಗೆ ಸೌದೆ ಇಕ್ಕಿದಳು.

ಮೂರನೆಯ ವಾರದಲ್ಲೊಂದು ದಿನ ವಿಮಲ ನೀರು ಕುಡಿಯಲು ಊಟದ ಮೇಲೆ ಅಡುಗೆಮನೆಗೆ ಹೋದಳು. ಪುಟ್ಟಮಲ್ಲಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂತು, ಮುದ್ದೆ ಬೇಯಿಸಿದ ಮಡಕೆಗೆ ನೀರು ಹಾಕಿ, ತಳಕ್ಕಂಟಿದ ಹಿಟ್ಟನ್ನೆಲ್ಲ ಬೆರಳಲ್ಲಿ ತಿಕ್ಕಿ ತೊಳೆದು, ಆ ನೀರನ್ನು ಬಟ್ಟಲಿಗೆ ಬಗ್ಗಿಸಿ, ಒಂದು ಕಲ್ಲುಪ್ಪು ಹಾಕಿಕೊಂಡು ಕುಡಿಯುತ್ತಿದ್ದಳು.

ಬೇರೆ ಮನೆಯ ಮಗುವಾಗಿದ್ದರೆ ಅತ್ತೆಗೆ ಹಸಿವು ಎಂದು ತಿಳಿಯುತ್ತಿತ್ತೋ ಏನೋ. ಇದು ಶಿವಭಕ್ತರ ಮನೆ. ಉಂಡ ತಟ್ಟೆಗೆ ನೀರು ಹಾಕಿ, ತೊಳೆದು ಆ ನೀರನ್ನೂ ಕುಡಿಯುವುದು ಅಲ್ಲಿ ಎಲ್ಲರೂ ಎದೆಹಾಲಿನ ಜೊತೆ ಕಲಿತದ್ದು. ಉಂಡದ್ದು ಪ್ರಸಾದ, ಅದರ ಒಂದಗುಳೂ ನೆಲ ಸೇರಬಾರದು. ತಟ್ಟೆ ತೊಳೆದು ಕುಡಿಯುವವರನ್ನು ವಿಮಲ ದಿನವೂ ಕಂಡಿದ್ದಳು. ಮಡಕೆಯನ್ನೇ ತೊಳೆದು ಕುಡಿಯುವವರನ್ನು ಕಂಡದ್ದು ಇದೇ ಮೊದಲು. ಎಂಥ ಭಕ್ತಿ ನಮ್ಮತ್ತೆಗೆ ಎಂದು ಅವಳ ಕಣ್ಣಲ್ಲಿ ನೀರೇ ಬಂತು. ನೀರು ಕುಡಿಯುವುದನ್ನೂ ಮರೆತು ಹಿಂದಿರುಗಿದಳು.

ಮಾರನೆಯ ದಿನ ಶಾಲೆಯಲ್ಲಿ ಕೈ ಎತ್ತಿ ಹೇಳಿದಳು. ನೀಲಕಂಠಸ್ವಾಮಿ ಈ ಸಲ ಪುಸ್ತಕ ಮಡಚಿದರು.

"ಮಕ್ಕಳೇ, ಕೇಳಿದಿರಾ? ನಾನು ಎರಡು ವರ್ಷ ಪ್ರಸಾದದ ಮೇಲೆ ಉಪನ್ಯಾಸ ಮಾಡಿದೆ. ಆ ತಾಯಿ ಒಂದು ಮಡಕೆಯಲ್ಲಿ ಮಾಡಿ ತೋರಿಸಿದಳು. ಇಂಥವರ ಮನೆಯಲ್ಲಿ ನಾನು ಒಂದು ಸಲ ಬಿನ್ನ ಮಾಡಬೇಕು."

ಜಂಗಮರು ಭಕ್ತರ ಮನೆಗೆ ಕರೆಸಿಕೊಂಡು ಬಂದು ಉಣ್ಣುವುದಕ್ಕೆ ಬಿನ್ನ ಎನ್ನುತ್ತಾರೆ. ಐನೋರೇ ತಾವಾಗಿ ಕೇಳಿ ಬರುವ ಬಿನ್ನ ಎಂದರೆ ಲಿಂಗಣ್ಣನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ದಸರೆ ಕಳೆದ ಸೋಮವಾರಕ್ಕೆ ಗೊತ್ತಾಯಿತು. ಅದೇ ದಿನ ಊರಿನ ರಾಗಿಯೆಲ್ಲ ಗಾಡಿಯಲ್ಲಿ ಕೃಷ್ಣರಾಜನಗರಕ್ಕೆ ಹೊರಡಬೇಕು. ಶಾಲೆಯ ಮಕ್ಕಳು ಸರ್ಕಾರಕ್ಕೆ ಬರೆದ ಅರ್ಜಿಯನ್ನೂ ಓದಿ, ರುಜು ಹೆಬ್ಬೆಟ್ಟು ಹಾಕಿಸಿ ಕಳಿಸಬೇಕು. ವಿಮಲಳ ಅಕ್ಷರ ದುಂಡಗಿದ್ದದ್ದರಿಂದ ಅರ್ಜಿ ಅವಳೇ ಬರೆದದ್ದು. ಧಾನ್ಯವಿದ್ದೂ ಜನ ಸಾಯುವುದು ಬರವಲ್ಲ, ಅನ್ಯಾಯ ಎಂದು ಅದರಲ್ಲಿತ್ತು. ದಿನವೂ ಹಿತ್ತಲಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದಳು: "ಅಳೆದವರು ಯಾರು? ಬಡಿಸಿದವರು ಯಾರು? ಕಡೆಗೆ ಉಳಿದವರು ಯಾರು? ಇಷ್ಟನ್ನು ಕೇಳಬೇಕೆಂದು ಪ್ರಾರ್ಥನೆ."

ಇತ್ತ ಮನೆಯಲ್ಲಿ ಸಣ್ಣಪುಟ್ಟ ಕಿರಿಕಿರಿ ಶುರುವಾಗಿತ್ತು. ಬೆಳಗಿನ ಜಾವ ಬೀಸುಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು, ಪದ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಮನೆ ಎಚ್ಚರವಾಗುತ್ತಿದ್ದದ್ದೇ ಪುಟ್ಟಮಲ್ಲಮ್ಮನ ಬೀಸುವ ಪದಕ್ಕೆ. ಈಗ ನಾಲ್ಕು ಸುತ್ತು ತಿರುಗಿಸಿ ಕಲ್ಲು ನಿಲ್ಲುತ್ತಿತ್ತು, ಮತ್ತೆ ನಾಲ್ಕು ಸುತ್ತು. ಹಿಟ್ಟು ಹೊತ್ತಿಗೆ ಸರಿಯಾಗಿ ಸಿಗದೆ ಶಿವನಂಜಮ್ಮ ರೇಗುತ್ತಿದ್ದಳು.

"ನೀರು ಕುದ್ದು ಕುದ್ದು ಇಂಗೋಯ್ತು. ಇನ್ನೂ ಬೀಸ್ತಾನೇ ಇದ್ದೀಯಲ್ಲ, ಏನಾಗೈತೆ ನಿಂಗೆ?"

"ಆಯ್ತು ಕಣತ್ತಿಗೆ. ರಟ್ಟೆ ಯಾಕೋ ಬರಾಕಿಲ್ಲ."

"ವಯಸ್ಸು ನಂಗೂ ಆಗೈತೆ. ನಾನು ಮೂರು ಹೆತ್ತು ಒಂದ ಕಳ್ಕೊಂಡೋಳು, ನೀನು ಏನು ಹೆತ್ತೆ?"

ಪುಟ್ಟಮಲ್ಲಮ್ಮ ಮತ್ತೆ ಕಲ್ಲಿನ ಗೂಟ ಹಿಡಿದಳು. ಮಾತು ಹೆಚ್ಚಾಯಿತು ಎಂದು ಶಿವನಂಜಮ್ಮನಿಗೂ ಅನ್ನಿಸಿತು. ಕೆಟ್ಟ ಹೆಂಗಸಲ್ಲ ಅವಳು. ಸಂಜೆ ತನ್ನ ಹಳೆಯ ರವಿಕೆಯೊಂದನ್ನು ತಂದು, "ಇದ ಆಕ್ಕೊ, ನಿಂದು ಅರಿದೈತೆ," ಎಂದಳು. ಪುಟ್ಟಮಲ್ಲಮ್ಮ ಹಾಕಿಕೊಂಡರೆ ತೋಳಿನೊಳಗೆ ಇನ್ನೊಂದು ತೋಳು ಹೋಗುವಷ್ಟು ಜಾಗವಿತ್ತು. ಮೊದಲೆಲ್ಲ ಅತ್ತಿಗೆಯ ರವಿಕೆ ಅವಳಿಗೆ ಬಿಗಿಯಾಗುತ್ತಿತ್ತು. ಶಿವನಂಜಮ್ಮ ನೋಡಿದಳು, ಹೊಲಿಗೆ ಬಿಚ್ಚಿರಬೇಕು ಅಂದುಕೊಂಡಳು.

ಮುದ್ದೆಯಲ್ಲಿ ಗಂಟು ಬರತೊಡಗಿತು. ಕುದಿಯುವ ಹಿಟ್ಟನ್ನು ಕೋಲಿನಲ್ಲಿ ಒತ್ತಿ ತಿರುವಲು ತೋಳಿನಲ್ಲಿ ಬಲ ಬೇಕು. ಬಸವರಾಜು ಗಂಟುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಟ್ಟ.

"ಅತ್ತೆಗೆ ಗ್ಯಾನ ಎಲ್ಲೈತೋ! ಐನೋರು ಒಗಳಿದ್ಮೇಲೆ ನೆಲ ಕಾಣ್ತಾ ಇಲ್ಲ."

"ಪ್ರಸಾದ ಕಣ್ಲಾ, ತೆಗ್ದಿಡಬ್ಯಾಡ," ಎಂದ ಲಿಂಗಣ್ಣ. ಬಸವರಾಜು ಗಂಟುಗಳನ್ನೂ ನುಂಗಿ, ತಟ್ಟೆ ತೊಳೆದು ಕುಡಿದು ಎದ್ದ. ಒಳಗೆ ಪುಟ್ಟಮಲ್ಲಮ್ಮ ಕಿವಿಗೊಟ್ಟು ಕೂತಿದ್ದಳು. ಅವನು ಗಂಟುಗಳನ್ನು ಬಿಟ್ಟು ಎದ್ದಿದ್ದರೆ ಅವು ಅವಳದಾಗುತ್ತಿದ್ದವು.

ಸೋಮವಾರ ಬಂತು. ಪಾಯಸ ಹೋಳಿಗೆ ಬೇಡ, ನಿಮ್ಮ ದಿನದ ಊಟವೇ ಇರಲಿ ಎಂದು ಐನೋರು ಮೊದಲೇ ಹೇಳಿಕಳಿಸಿದ್ದರು. ಚೆಲುವಮ್ಮ ಹಿಂದಿನ ಸಂಜೆ, ಬರುವವರೊಬ್ಬರಿದ್ದಾರೆ ಎಂದು ಒಂದು ಮುದ್ದೆಯಷ್ಟು ಹೆಚ್ಚಿಗೆ ಅಳೆದಿದ್ದಳು. ಪಾದಪೂಜೆ ಆಯಿತು. ನೀಲಕಂಠಸ್ವಾಮಿ ಮಣೆಯ ಮೇಲೆ ಕೂತು ಸುತ್ತ ನೋಡಿದರು.

"ಎಲ್ಲಿ, ಆ ತಾಯಿ?"

ಪುಟ್ಟಮಲ್ಲಮ್ಮ ಹೊಸಿಲಲ್ಲೇ ನಿಂತು ಶರಣು ಎಂದಳು. ಬಾಗಿ ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇವತ್ತು ಹಿಂದು ಮುಂದು ಬೇಡ," ಎಂದರು ಐನೋರು. "ಎಲ್ಲರೂ ಒಂದೇ ಸಾಲಿಗೆ ಕೂರಿ. ಈಕೆಯೂ ಕೂರಲಿ. ವಿಮಲ ಬಡಿಸಲಿ. ಊಟಕ್ಕೆ ಮೊದಲು ಅರ್ಜಿ ಓದಲಿ, ಹೆಬ್ಬೆಟ್ಟು ಹಾಕುವವರು ಹಾಕಲಿ."

"ನಾನು ಆಮೇಲೆ ಉಣ್ತೀನಿ ಬುಡಿ ಸ್ವಾಮಿ," ಎಂದಳು ಪುಟ್ಟಮಲ್ಲಮ್ಮ.

"ಐನೋರ ಮಾತಿಗೆ ಎದ್ರಾಡ್ಬ್ಯಾಡ, ಕೂತ್ಕೊ," ಎಂದು ಲಿಂಗಣ್ಣ ಗದರಿದ.

ಕೂತಳು, ಸಾಲಿನ ಕಡೆಯಲ್ಲಿ. ವಿಮಲ ಅಡುಗೆಮನೆಗೆ ಹೋಗಿ ಮುದ್ದೆಯ ಮರಿಗೆಯನ್ನು ಎತ್ತಿಕೊಂಡು ಬಂದಳು. ಹುಟ್ಟಿದಾರಭ್ಯ ಅವಳು ಮುದ್ದೆ ಬಡಿಸಿದವಳಲ್ಲ. ಐನೋರಿಗೆ ಒಂದು, ಅಪ್ಪನಿಗೆ ಒಂದು, ಅಣ್ಣನಿಗೆ, ಅಜ್ಜಿಗೆ, ಅವ್ವನಿಗೆ. ಅತ್ತೆಯ ತಟ್ಟೆಗೆ ಇಟ್ಟಳು. ಮರಿಗೆ ಬರಿದಾಯಿತು.

"ನಂದು?" ಎಂದಳು ವಿಮಲ.

"ಒಳಗೈತೇನೋ ನೋಡು," ಎಂದಳು ಶಿವನಂಜಮ್ಮ.

"ಇದು ನಿಂದೇ ಕಣವ್ವ," ಎಂದು ಪುಟ್ಟಮಲ್ಲಮ್ಮ ತನ್ನ ತಟ್ಟೆಯನ್ನು ಆತುರಾತುರವಾಗಿ ಮುಂದೆ ತಳ್ಳಿದಳು. "ನಂದು ಒಳಗೈತೆ. ನಾನು ಅಲ್ಲೇ ಉಣ್ತೀನಿ."

ವಿಮಲ ಒಳಗೆ ಹೋದಳು. ಒಲೆಯ ಪಕ್ಕ ಮಡಕೆ ತೊಳೆದ ನೀರು ಒಂದು ಬಟ್ಟಲಲ್ಲಿತ್ತು, ಅದರ ಬದಿಯಲ್ಲಿ ಒಂದು ಕಲ್ಲುಪ್ಪು. ಬೇರೇನೂ ಇರಲಿಲ್ಲ. ಮುಚ್ಚಿದ್ದ ತಟ್ಟೆಗಳನ್ನೆಲ್ಲ ಎತ್ತಿ ನೋಡಿದಳು. ಉಣ್ಣುವವರು ಏಳು ಜನ, ಮುದ್ದೆ ಆರು. ನಿನ್ನೆ ಐನೋರು ಇರಲಿಲ್ಲ, ಆಗ? ಮೊನ್ನೆ? ದಿನವೂ ತಾನು ಗಡಿಗೆಗೆ ಹಾಕಿದ ಆರು ಹಿಡಿ ಅವಳ ಕಣ್ಣ ಮುಂದೆ ಬಂತು. ಅವಳಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಇದನ್ನೇ ಭಕ್ತಿ ಎಂದು ಕೈ ಎತ್ತಿ ಹೇಳಿದ್ದಳಲ್ಲ!

ಬಟ್ಟಲನ್ನು ತಂದು ಐನೋರ ಮುಂದಿಟ್ಟಳು.

"ಅತ್ತೇದು ಇದು. ಇದೊಂದೇ ಇರೋದು."

"ಪ್ರಸಾದದ ನೀರಲ್ಲವೇನಮ್ಮ," ಎಂದರು ಐನೋರು.

"ಪ್ರಸಾದ ಉಂಡಿದ್ರೆ ತಾನೇ ಅದರ ನೀರು? ಅತ್ತೆ ದಿನಾ ಐದೇ ಮುದ್ದೆ ಕಟ್ಟೋದು. ಆರು ಹಿಡಿ ತೆಗೆದರೆ ಒಂದು ಮುದ್ದೆ ಓಯ್ತದೆ. ನಾವ್ಯಾರೂ ಕೊಟ್ಟಿಲ್ಲ, ಎಲ್ಲಾ ಅತ್ತೇದೇ." ಅವಳು ಮಣೆಯ ಪಕ್ಕದಲ್ಲಿದ್ದ ಅರ್ಜಿಯ ಕಾಗದ ಎತ್ತಿಕೊಂಡಳು. ಓದಬೇಕೆಂದು ಬಾಯಿ ತೆರೆದಳು. ಅಳೆದವರು ಯಾರು ಎಂಬಲ್ಲಿಗೆ ಅಜ್ಜಿಯ ಮುಖ ಕಂಡು ನಿಲ್ಲಿಸಿಬಿಟ್ಟಳು.

ಎಲ್ಲರೂ ಒಟ್ಟಿಗೇ ಮಾತಾಡಿದರು.

"ಐದು ವಾರ ಬಾಯಿ ಒಲ್ಕೊಂಡಿದ್ಯಾ?" ಎಂದ ಬಸವರಾಜು. "ಒಂದು ಮಾತು ಯೋಳಿದ್ರೆ ನಾವು ಬ್ಯಾಡ ಅಂತಿದ್ವಾ?"

"ಮೊದಲ್ನೇ ದಿನ ನೆಲ್ಲಿಕಾಯಿ ಅಂದೋನು ಯಾರ್ಲಾ?" ಎಂದ ಲಿಂಗಣ್ಣ.

"ನೀವು ಶಿವನ ಮಹಿಮೆ ಅಂದ್ರಿ!" ಎಂದ ಬಸವರಾಜು.

"ಬಾಯಿದ್ದೋಳು ಬರದಲ್ಲೂ ಬದುಕ್ತಾಳೆ ಅಂತಾರೆ," ಎಂದು ಶಿವನಂಜಮ್ಮ ಅಳತೊಡಗಿದಳು. "ನಾನು ರವಿಕೆ ನೋಡ್ದೆ. ಕಣ್ಣಾರೆ ನೋಡಿ ಒಲಿಗೆ ಬಿಚ್ಚೈತೆ ಅಂದ್ಕೊಂಡೆ."

ಚೆಲುವಮ್ಮನ ಕೋಪ ಮಾತ್ರ ಮಗಳ ಮೇಲೇ ತಿರುಗಿತು. "ನಾನು ಹೆತ್ತ ತಾಯಿ ಬದುಕಿವ್ನಿ ಕಣೇ! ನನ್ನ ಕೈಯಾಗೆ ಅಳೆಸ್ಕೊಂಡು ನಂಗೇ ಇಂಗೆ ಮಾಡಿದ್ಯಲ್ಲೇ, ಪಾಪಿ! ನಂಗೆ ಈ ಪಾಪ ಯಾಕೆ ಕಟ್ದೆ?" ಎಂದು ಎದೆ ಬಡಿದುಕೊಂಡಳು.

ನೀಲಕಂಠಸ್ವಾಮಿ ಇನ್ನೂ ಬಟ್ಟಲನ್ನೇ ನೋಡುತ್ತಿದ್ದರು. "ಆಕೆಯನ್ನು ಬೈಯಬೇಡಿ ಅಜ್ಜಿ. ತೆಗೆಯಿರಿ ಅಂದವನು ನಾನು. ಯಾರ ತಟ್ಟೆಯಿಂದ ಹೋಗುತ್ತದೆ ಅಂತ ಕೇಳಲಿಲ್ಲ. ಈ ಮಗು ಅಂದೇ ಕೇಳಿತ್ತು, ಅಲ್ಲೂ ಹೆಂಗಸರು ಕಡೆಯಲ್ಲಿ ಉಣ್ಣುತ್ತಾರಾ ಅಂತ. ನಾನು ಜಾಣತನದ ಉತ್ತರ ಕೊಟ್ಟೆ." ತಮ್ಮ ತಟ್ಟೆಯನ್ನು ಮುಟ್ಟದೆ ಪುಟ್ಟಮಲ್ಲಮ್ಮನ ಕಡೆ ತಿರುಗಿದರು. "ತಾಯಿ, ನೀವು ಉಣ್ಣಿ. ನೀವು ಒಂದು ತುತ್ತು ಉಂಡ ಮೇಲೆ ನನ್ನ ಊಟ."

ಜಂಗಮರು ಹಸಿದು ಎದ್ದರೆ ಮನೆ ಉಳಿಯುತ್ತದೆಯೇ? ಎಲ್ಲರೂ ಪುಟ್ಟಮಲ್ಲಮ್ಮನ ಕೈಯನ್ನೇ ನೋಡಿದರು. ಮುದ್ದೆ ಅವಳ ಮುಂದಿತ್ತು, ಸಾರಿನಿಂದ ಹಬೆ ಏಳುತ್ತಿತ್ತು. ಅವಳು ಬೆರಳಿನಿಂದ ಒಂದು ತುತ್ತು ಮುರಿದಳು. ಸಾರಿಗೆ ಅದ್ದಿದಳು. ಕೈ ಮೇಲೆ ಏಳಲಿಲ್ಲ. ಹಸಿವಿಲ್ಲವೆಂದಲ್ಲ; ಗಂಟಲು ಎದ್ದೆದ್ದು ಬೀಳುವುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಆರು ಜನರ ಕಣ್ಣ ಮುಂದೆ ಬಾಯಿ ತೆರೆಯುವುದು ಅವಳಿಗೆ ಮರೆತುಹೋಗಿತ್ತು.

"ಉಣ್ಣು ಪುಟ್ಟಮಲ್ಲಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ಚೆಲುವಮ್ಮ.

"ಆಗಾಕಿಲ್ಲ ಕಣವ್ವ," ಎಂದಳು ಅವಳು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ. ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಓರೆ ಮಾಡಿಕೊಂಡಳು.

ಯಾರೂ ತಡೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗೆ ತಟ್ಟೆ ತೊಳೆಯುವ ಸದ್ದಾಯಿತು. ಆಗ ನೀಲಕಂಠಸ್ವಾಮಿ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ವಿಮಲಳಿಗೆ ಕೊಟ್ಟು, ಉಳಿದದ್ದನ್ನು ಉಂಡರು. ಅರ್ಜಿಗೆ ಆ ಮನೆಯಿಂದ ಐದು ಗುರುತು ಬಿದ್ದವು. ಆರನೆಯದಕ್ಕಾಗಿ ಅವರು ಬಾಗಿಲ ಹೊರಗೆ ನಿಂತು ಕಾಗದವನ್ನೂ ಮಸಿಯನ್ನೂ ಒಳಗೆ ಸರಿಸಿದರು. ಹೆಬ್ಬೆಟ್ಟು ಒತ್ತಿದ ಕಾಗದ ಹಾಗೇ ಹೊರಗೆ ಬಂತು. ಸಂಜೆಗೆ ಗಾಡಿ ಹೊರಟಿತು.

ಮಾರನೆಯ ಸಂಜೆ ಚೆಲುವಮ್ಮ ರಾಗಿ ಅಳೆದು ಮೊರಕ್ಕೆ ಸುರಿ‍ದಳು. ಯಾರ ಮುಖವನ್ನೂ ನೋಡದೆ ಇನ್ನೊಂದು ಪಾವು ತುಂಬಿ ಅದರ ಮೇಲೆ ಸುರಿದಳು. ಮನೆಯಲ್ಲಿ ಎಲ್ಲರೂ ಪುಟ್ಟಮಲ್ಲಮ್ಮನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಬಸವರಾಜು ತಾನೇ ಸೌದೆ ಒಡೆದು ತಂದು ಹಾಕಿದ. ಜಡ್ಡಿನವರ ಮುಂದೆ ನಡೆದುಕೊಳ್ಳುವ ಹಾಗೆ ನಡೆದುಕೊಂಡರು. ನಾಲ್ಕು ದಿನ ಕಳೆಯಿತು. ಊಟದ ಸರದಿ ಮಾತ್ರ ಹಳೆಯದೇ ಆಗಿತ್ತು, ಬಾಗಿಲೂ ಓರೆಯಾಗಿಯೇ ಇತ್ತು. ಜೊತೆಗೆ ಉಣ್ಣು ಎಂದರೆ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಐದನೆಯ ದಿನ ವಿಮಲ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

"ನೀನು ಉಂಡು ಓಗವ್ವ, ಆಮೇಲೆ ಉಣ್ತೀನಿ."

"ನಾನು ನೋಡಾಕಿಲ್ಲ ಅತ್ತೆ." ವಿಮಲ ಹಿಂದಕ್ಕೆ ತಿರುಗಿ, ಅತ್ತೆಯ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅತ್ತೆಯ ಬೆನ್ನುಮೂಳೆ ಅವಳಿಗೆ ಒತ್ತುತ್ತಿತ್ತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮುದ್ದೆ ಗಂಟಲಲ್ಲಿ ಇಳಿಯುವ ಸಣ್ಣ ಸದ್ದು.

"ಅತ್ತೆ, ಯಾಕೆ ಯೋಳ್ನಿಲ್ಲ?"

ಪುಟ್ಟಮಲ್ಲಮ್ಮ ಇನ್ನೆರಡು ತುತ್ತು ಉಂಡಳು. "ಯೋಳಿದ್ರೆ ನಿಮ್ಮಜ್ಜಿ ಇಡಿ ತೆಗೆಯೋದೇ ಬ್ಯಾಡ ಅಂತಿದ್ಲು."

"ಅಂದಿದ್ರೆ ಅನ್ನಲಿ!"

"ದಿನಾ ಸಂಜೆ ನೀನು 'ಅತ್ತೇದು' ಅಂತಿದ್ಯಲ್ಲ. ಈ ಮನೇಲಿ ಒಲ ಅಣ್ಣಂದು, ಕಣಜ ಅವ್ವಂದು, ಬೀಸೋಕಲ್ಲೂ ಅತ್ತಿಗೆ ತೌರಿಂದ ಬಂದದ್ದು. ನಂದು ಅಂತ ಒಬ್ರ ಬಾಯಲ್ಲಿ ಬಂದದ್ದು ಅದೊಂದು ಇಡಿ ಕಣವ್ವ. ಅದ ಕೇಳೋಕೆ ಬಾಗಿಲ ತಾವ ಬತ್ತಿದ್ದೆ. ತಪ್ಪೋಗ್ತದಲ್ಲ ಅಂತ ಸುಮ್ನಿದ್ದೆ."

ವಿಮಲ ತಿರುಗಿ ನೋಡಲಿಲ್ಲ. ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಕಣ್ಣೀರು ತಟ್ಟೆಗೆ ಬಿತ್ತು, ತಟ್ಟೆ ತೊಳೆದು ಅದನ್ನೂ ಕುಡಿದಳು.

ಬಂಗಾಳದ ಹಸಿವು ಒಂದು ಗಾಡಿ ರಾಗಿಗೆ ತೀರುವಂಥದ್ದಲ್ಲ. ಎರಡನೆಯ ಗಾಡಿಗೆ ಮತ್ತೆ ಹಿಡಿ ತೆಗೆಯಬೇಕೆಂದು ಶಾಲೆಯಿಂದ ಹೇಳಿಕಳಿಸಿದರು. ಆ ಸಂಜೆ ಚೆಲುವಮ್ಮ ಅಳೆದಿಟ್ಟು, ಬೀಗದ ಕೈ ಸಿಕ್ಕಿಸಿಕೊಂಡು ಹಟ್ಟಿಯ ಕಡೆ ಹೋದಳು. ಗಂಡಸರು ಗದ್ದೆಯಿಂದ ಬಂದಿರಲಿಲ್ಲ. ವಿಮಲ ಗಡಿಗೆ ಹಿಡಿದು ಕೂತಳು.

"ಅಜ್ಜೀದು. ಅಪ್ಪಂದು. ಅವ್ವಂದು. ಅಣ್ಣಂದು."

ಅಲ್ಲಿಗೆ ನಿಲ್ಲಿಸಿದಳು. ಹೊಸಿಲಲ್ಲಿ ಪುಟ್ಟಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ವಿಮಲ ಗಡಿಗೆಯನ್ನು ಅವಳ ಕಡೆ ಸರಿಸಿದಳು.

"ನೀನೇ ಆಕು ಅತ್ತೆ."

ಪುಟ್ಟಮಲ್ಲಮ್ಮ ಸುತ್ತ ನೋಡಿದಳು. ಬಂದು ಕುಕ್ಕರಗಾಲಲ್ಲಿ ಕೂತು ಮೊರದಿಂದ ಒಂದು ಹಿಡಿ ತೆಗೆದಳು. ತುಂಬ ಹಿಡಿ ಅಲ್ಲ, ಎಲುಬು ಕಾಣುವ ಬೆರಳುಗಳಲ್ಲಿ ಹಿಡಿಸಿದಷ್ಟು. ಗಡಿಗೆಯ ಮೇಲೆ ಕೈ ಹಿಡಿದು ಏನೋ ಹೇಳಲು ಹೋಗಿ ಹೇಳದೆ, ಮತ್ತೆ ಸುತ್ತ ನೋಡಿ, ಬೆರಳು ಬಿಟ್ಟಳು.

"ನಂದು," ಎಂದಳು.

ಕೇಳಿಸಿಕೊಳ್ಳಲು ವಿಮಲ ಒಬ್ಬಳೇ ಇದ್ದಳು.